ಹದವಾಗಿ ಬೇಯಿಸಿ

ಕನ್ನಡ ಅಧ್ಯಾಪಕನಾದವನನ್ನು ಶಬ್ದಾರ್ಥ ಕೇಳುವವರು ಅಪರೂಪವೇನಲ್ಲ. ಮಗುವಿಗೆ ಹೆಸರಿಡುವವರು, ಮನೆಗೆ ಹೆಸರು ಹುಡುಕುವವರು, ಕಚೇರಿಯ ಸುತ್ತೋಲೆಯನ್ನು ಕನ್ನಡಿಸಲು ತಿಣುಕುವವರು, ಹೀಗೆ ಒಬ್ಬರಲ್ಲ ಒಬ್ಬರು ಬರುತ್ತಲೇ ಇರುತ್ತಾರೆ. ಅವರಿಗೆಲ್ಲ ನಾನು ಏನಾದರೊಂದು ಉತ್ತರ ಹೇಳಿ ಕಳುಹಿಸಿದ್ದುಂಟು. ಆದರೆ ಈಚೆಗೆ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವನು ಕೇಳಿದ್ದು ಇಷ್ಟೆ: "ಸಾರ್, 'ಹದವಾಗಿ ಬೇಯಿಸಿ' ಎಂದರೆ ಎಷ್ಟು ಹೊತ್ತು?"

ಹುಡುಗ ಕೊಪ್ಪಳದ ಕಡೆಯವನು. ಜೋಳದ ರೊಟ್ಟಿಯ ಮನೆಯಲ್ಲಿ ಬೆಳೆದವನು. ಈಗ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಕೆಲಸ. ಹೆಬ್ಬಗೋಡಿಯಲ್ಲಿ ನನ್ನ ಮನೆಯಿಂದ ಎರಡು ಬೀದಿ ಆಚೆಗೆ ಇನ್ನಿಬ್ಬರ ಜೊತೆ ಒಂದು ಕೋಣೆಯ ವಾಸ. ರಾತ್ರಿ ಪಾಳಿಯ ವಾರದಲ್ಲಿ ಅವನ ಊಟವೆಂದರೆ ಅಂಗಡಿಯ ಬನ್ನು ಮತ್ತು ಚಹ. ಅದರಿಂದ ಬೇಸತ್ತು ಮೂವರೂ ಸೇರಿ ಒಂದು ಪುಟ್ಟ ವಿದ್ಯುತ್ ಓವನ್ ಕೊಂಡಿದ್ದರು. ಒಂದು ವಾರಪತ್ರಿಕೆಯಲ್ಲಿ ಬಂದಿದ್ದ ರಾಗಿ ಕೇಕಿನ ಬರೆಹವನ್ನು ಮುಂದಿಟ್ಟುಕೊಂಡು ಮಾಡಿದ್ದರು. ಫಲವನ್ನು ಡಬ್ಬಿಯಲ್ಲಿ ಹಾಕಿಕೊಂಡೇ ಬಂದಿದ್ದ. ಅಂಚು ಇಟ್ಟಿಗೆಯಂತಿತ್ತು, ನಡು ಕುಸಿದು ಅಂಬಲಿಯಂತಿತ್ತು.

ನಾನು ಮೊದಲು ನಕ್ಕೆ. ಅನಂತರ ಅವನು ತಂದಿದ್ದ ಪುಟವನ್ನು ಓದಿದೆ. ನಗು ನಿಂತಿತು. ಆ ಬರೆಹದಲ್ಲಿ ವ್ಯಾಕರಣದ ದೋಷ ಒಂದೂ ಇರಲಿಲ್ಲ. ಆದರೆ ಅದನ್ನು ಓದಿ ಯಾರೂ ಕೇಕು ಮಾಡುವಂತಿರಲಿಲ್ಲ. "ನಿಮ್ಮ ತಾಯಿಯವರನ್ನು ಕೇಳಬಹುದಿತ್ತಲ್ಲ?" ಎಂದೆ. "ಫೋನ್ ಮಾಡಿ ಕೇಳಿದೆ ಸಾರ್. 'ನಾ ಎಂದು ಕೇಕ್ ಮಾಡೀನಿ? ರೊಟ್ಟಿ ಆದ್ರ ಕೈಗೆ ತಿಳೀತದ' ಅಂದಳು" ಎಂದ.

ಕೈಗೆ ತಿಳಿಯುತ್ತದೆ. ಆ ತಾಯಿಯ ಮಾತಿನಲ್ಲಿ ಒಂದು ಇಡೀ ವಿದ್ಯೆ ಅಡಗಿದೆ. ಆದರೆ ಆ ಕೈ ಇರುವುದು ಕೊಪ್ಪಳದ ಕಡೆಯ ಹಳ್ಳಿಯಲ್ಲಿ. ಓವನ್ ಇರುವುದು ಹೆಬ್ಬಗೋಡಿಯಲ್ಲಿ. ಇವೆರಡರ ನಡುವಣ ದೂರವನ್ನು ದಾಟಿಸಬೇಕಾದುದು ಭಾಷೆ. ಅದು ದಾಟಿಸದೆ ಹೋಯಿತು. ಹಾಗಾದರೆ ಇದು ಅಡುಗೆಯ ಸೋಲೋ, ಗದ್ಯದ ಸೋಲೋ? ಗದ್ಯದ್ದೇ ಎಂಬುದು ನನ್ನ ಅಭಿಪ್ರಾಯ. ಆದುದರಿಂದ ಕಥೆ ಕವನಗಳನ್ನು ವಿಮರ್ಶಿಸುವ ಈ ಪುಟದಲ್ಲಿ ಇಂದು ಅಡುಗೆಯ ಬರೆಹವನ್ನು ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ಓದುಗರು ಸೈರಿಸಬೇಕು.

ಅಡುಗೆಮನೆಗೂ ಸಾಹಿತ್ಯ ವಿಮರ್ಶೆಗೂ ಎಲ್ಲಿಯ ನಂಟು ಎಂದು ಕೇಳುವವರಿಗೆ ಭರತನನ್ನು ಜ್ಞಾಪಿಸಿದರೆ ಸಾಕು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂದು ವಿವರಿಸಬೇಕಾಗಿ ಬಂದಾಗ ಆತ ಕೈಚಾಚಿದ್ದು ಊಟದ ಎಲೆಗೆ. ಬಗೆಬಗೆಯ ವ್ಯಂಜನಗಳು ಕೂಡಿದ ಅನ್ನವನ್ನು ಉಣ್ಣುವವನು ರುಚಿಯನ್ನು ಸವಿಯುವಂತೆ ಸಹೃದಯನು ಭಾವಗಳನ್ನು ಸವಿಯುತ್ತಾನೆಂಬುದು ಅವನ ಹೋಲಿಕೆ. ಮುಂದಿನ ಆಲಂಕಾರಿಕರು ಕಾವ್ಯದ ಪಕ್ವತೆಗೆ 'ಪಾಕ'ವೆಂದೇ ಹೆಸರಿಟ್ಟರು. ದ್ರಾಕ್ಷಾಪಾಕ, ನಾರಿಕೇಳಪಾಕಗಳ ಮಾತು ನಮ್ಮ ತರಗತಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ವಾಮನನಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗುಣಗಳೆಲ್ಲ ತುಂಬಿ ಬಂದ ಕಾವ್ಯವನ್ನು ಮಾವಿನ ಹಣ್ಣಿನ ಪಾಕಕ್ಕೂ, ಶಬ್ದಶುದ್ಧಿ ಮಾತ್ರವಿದ್ದು ಸತ್ತ್ವವಿಲ್ಲದ ಕಾವ್ಯವನ್ನು ಬದನೆಕಾಯಿಯ ಪಾಕಕ್ಕೂ ಹೋಲಿಸಿದ. ಬದನೆಕಾಯಿಗೆ ಇದು ಅನ್ಯಾಯವೇ ಸರಿ. ಆದರೆ ವ್ಯಾಕರಣ ಸರಿಯಿದ್ದೂ ಕೆಲಸಕ್ಕೆ ಬಾರದ ಬರೆಹವೊಂದು ಇರಬಹುದೆಂಬ ಅವನ ತಿಳಿವು, ನನ್ನ ಶಿಷ್ಯ ತಂದ ಪುಟಕ್ಕೆ ಚೆನ್ನಾಗಿ ಒಪ್ಪುತ್ತದೆ.

ಕನ್ನಡದಲ್ಲಿ ಅಡುಗೆಯ ಬರೆಹ ನಿನ್ನೆ ಮೊನ್ನೆಯದಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ೧೦೨೫ರ ಸುಮಾರಿನಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ, ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಸುಗಂಧ, ವೈದ್ಯ ಮೊದಲಾದವುಗಳ ಸಾಲಿನಲ್ಲಿಯೇ ಸೂಪಶಾಸ್ತ್ರಕ್ಕೂ ಎಡೆಯುಂಟು. ಬಾವಿ ತೋಡುವುದು, ಮರ ನೆಡುವುದು, ಅಡುಗೆ ಮಾಡುವುದು ಎಲ್ಲವೂ ಲೋಕಕ್ಕೆ ಉಪಕಾರವೇ ಎಂಬ ಭಾವನೆ ಆ ಹೆಸರಿನಲ್ಲಿಯೇ ಇದೆ. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ೧೧೨೯ರ ಹೊತ್ತಿಗೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿಯೂ ಅನ್ನಭೋಗವನ್ನು ಕುರಿತ ಭಾಗವಿದೆ. ಅಲ್ಲಿ ಅಡುಗೆ ಅರಸನ ಭೋಗಗಳಲ್ಲೊಂದು. ಲೋಕಕ್ಕೆ ಉಪಕಾರವೆಂದು ಬರೆಯುವುದಕ್ಕೂ ಅರಸನ ಭೋಗವೆಂದು ಬರೆಯುವುದಕ್ಕೂ ವ್ಯತ್ಯಾಸವಿದೆ. ಇಂದಿನ ನಮ್ಮ ಪುಟಗಳು ಯಾವ ಕಡೆಗೆ ವಾಲಿವೆಯೆಂಬುದನ್ನು ಮುಂದೆ ನೋಡೋಣ.

ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನು ಇಡೀ ಒಂದು ಗ್ರಂಥವನ್ನೇ ಇದಕ್ಕೆ ಮೀಸಲಿಟ್ಟ. ಕಲ್ಲಹಳ್ಳಿಯ ಒಡೆತನದ ಮನೆಯವನು, ಜೈನ, 'ನೇಮಿಜಿನೇಶಸಂಗತಿ', 'ಸಮ್ಯಕ್ತ್ವಕೌಮುದಿ'ಗಳನ್ನು ಬರೆದ ಕವಿ. ಅವನ 'ಸೂಪಶಾಸ್ತ್ರ'ವಿರುವುದು ವಾರ್ಧಕ ಷಟ್ಪದಿಯಲ್ಲಿ. ಕಾವ್ಯದ ಛಂದಸ್ಸೇ ಅಡುಗೆಗೂ ಒದಗಿತು. ಮಾಂಸದ ಸೋಂಕಿಲ್ಲದ ಆ ಅಡುಗೆಮನೆಯಲ್ಲಿ ಆಲಂಕಾರಿಕರು ಹಳಿದ ಬದನೆಕಾಯಿಗೂ ಬಗೆಬಗೆಯ ಮರ್ಯಾದೆ ದೊರೆಯಿತು. ಅವನು ಮೊದಲಿಟ್ಟುಕೊಂಡುದು ಹಿಟ್ಟಿನ ಪಾಕಗಳನ್ನು. ಅವುಗಳಲ್ಲಿ ಒಂದರ ಹೆಸರು ಮುಚ್ಚಳ ರೊಟ್ಟಿ. ಗೋಧಿಯ ಕಣಕವನ್ನು ಪಾತ್ರೆಯಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಕೆಳಗೂ ಕೆಂಡ, ಮೇಲೂ ಕೆಂಡ ಹಾಕಿ ಬೇಯಿಸುವುದು ಅದರ ಕ್ರಮ.

ಇದು ಇಂದು ನಾವು ಬೇಕಿಂಗ್ ಎನ್ನುವುದಲ್ಲದೆ ಮತ್ತೇನು? ನೀರಿಲ್ಲದೆ, ಎಣ್ಣೆಯಲ್ಲಿ ಮುಳುಗಿಸದೆ, ಸುತ್ತಲ ಒಣ ಶಾಖದಿಂದ ಹಿಟ್ಟನ್ನು ಬೇಯಿಸುವ ಉಪಾಯ ಅದು. ಓವನ್ ಎಂಬ ಪೆಟ್ಟಿಗೆ ಮಾಡುವ ಕೆಲಸವೂ ಅಷ್ಟೆ. ಮಂಗರಸನೊಡನೆ ಈ ವಿದ್ಯೆ ಸತ್ತುಹೋಗಲೂ ಇಲ್ಲ. ದಕ್ಷಿಣ ಕನ್ನಡದಲ್ಲಿ ಹಲಸಿನ ಹಣ್ಣನ್ನೋ ಸೌತೆಕಾಯಿಯನ್ನೋ ಅಕ್ಕಿಯೊಡನೆ ರುಬ್ಬಿ, ಮೇಲೂ ಕೆಳಗೂ ಕೆಂಡವಿಟ್ಟು ಮಾಡುವ ಕೆಂಡದಡ್ಯೆಯನ್ನು ತಿಂದವರು ಈ ಪುಟವನ್ನು ಓದುತ್ತಿರಬಹುದು. ಬೆಳಗಾವಿಯ ಕಡೆ ಇಂದಿಗೂ ಮಂಡಿಗೆಯನ್ನು ಬೋರಲು ಹಾಕಿದ ಬಾಂಡಲೆಯ ಬೆನ್ನ ಮೇಲೆ ಬೇಯಿಸುತ್ತಾರೆ. ನಮ್ಮ ಬಾಲ್ಯದಲ್ಲಿ ಓವನ್ ಇಲ್ಲದ ಮನೆಗಳ ಹೆಂಗಸರು ಕುಕ್ಕರಿನ ತಳದಲ್ಲಿ ಮರಳು ಹರಡಿ, ರಬ್ಬರು ಸುತ್ತನ್ನೂ ಸೀಟಿಯನ್ನೂ ತೆಗೆದು, ಒಳಗೆ ಡಬ್ಬಿಯಿಟ್ಟು ಕೇಕು ಮಾಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವರು ಮಂಗರಸನನ್ನು ಓದಿದವರಲ್ಲ. ಆದರೆ ಅವರು ಮಾಡುತ್ತಿದ್ದುದು ಒಂದು ಬಗೆಯ ಮುಚ್ಚಳ ರೊಟ್ಟಿಯೇ. ಆದಕಾರಣ ಮನೆಯಲ್ಲಿ ಬೇಕ್ ಮಾಡುವುದು ಪರದೇಶದ ಷೋಕಿ ಎಂದು ಮೂಗುಮುರಿಯುವವರೂ, ಅದನ್ನು ಮಾಡಿದೊಡನೆ ತಾವು ಹೊಸ ಲೋಕಕ್ಕೆ ಕಾಲಿಟ್ಟೆವೆಂದು ಬೀಗುವವರೂ ಒಂದು ಸಲ 'ಸೂಪಶಾಸ್ತ್ರ'ದ ಕಡೆ ನೋಡುವುದು ಒಳ್ಳೆಯದು.

ಆದರೆ ನಾನು ಪೂರ್ವಿಕರ ಹೊಗಳಿಕೆಗೆ ಕುಳಿತವನಲ್ಲ. ಮಂಗರಸನ ಷಟ್ಪದಿಯನ್ನು ನನ್ನ ಶಿಷ್ಯನ ಕೈಗೆ ಕೊಟ್ಟಿದ್ದರೂ ಅವನ ಕೇಕು ಕುಸಿಯುತ್ತಿತ್ತು. ಪದ್ಯದ ಉದ್ದೇಶವೇ ಬೇರೆ. ಒಲೆಯ ಮುಂದೆ ಕುಳಿತು ಪಳಗಿದವನಿಗೆ ಕ್ರಮವನ್ನು ನೆನಪಿನಲ್ಲಿಡಲು ಛಂದಸ್ಸು ನೆರವಾಗುತ್ತದೆ. ಕಣಕ ಹೇಗಿರಬೇಕು, ಕೆಂಡ ಎಷ್ಟು ನಿಗಿನಿಗಿಯೆನ್ನಬೇಕು ಎಂಬುದು ಅವನಿಗೆ ಮೊದಲೇ ಗೊತ್ತು. ಹೇಳದೆ ಬಿಟ್ಟುದನ್ನು ತುಂಬಿಕೊಳ್ಳಬಲ್ಲ ಓದುಗನಿರುವಾಗ ಹೇಳದೆ ಬಿಡುವುದು ದೋಷವಲ್ಲ.

ನಮ್ಮ ಮನೆಯಲ್ಲಿಯೇ ಇದಕ್ಕೊಂದು ಉದಾಹರಣೆಯಿದೆ. ನನ್ನ ತಾಯಿ ಒಂದು ನೋಟುಪುಸ್ತಕ ಇಟ್ಟಿದ್ದರು. ಅದರಲ್ಲಿ ನಲವತ್ತು ಐವತ್ತು ಅಡುಗೆಗಳಿದ್ದುವು. ಎಲ್ಲ ಪಾವು, ಚಟಾಕುಗಳ ಲೆಕ್ಕ. ತೂಕ ಅಳತೆಗಳನ್ನು ದಶಮಾಂಶಕ್ಕೆ ತಂದ ಕಾಯಿದೆಯಾದುದು ೧೯೫೬ರಲ್ಲಿ. ನಮ್ಮ ತಾಯಿಯ ಅಡುಗೆಮನೆಗೆ ಅದು ಕೊನೆಯವರೆಗೂ ಜಾರಿಯಾಗಲಿಲ್ಲ. ಕೊಬ್ಬರಿ ಮಿಠಾಯಿಯ ಪುಟದಲ್ಲಿ ಮೂರು ಸಾಮಾನುಗಳ ಹೆಸರಿದೆ. ಕೆಳಗೆ ಒಂದೇ ವಾಕ್ಯ: "ಹದ ನೋಡಿ ಇಳಿಸುವುದು." ಅವರು ಇರುವವರೆಗೆ ಆ ವಾಕ್ಯದಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಹೋದ ಮೇಲೆ ನನ್ನ ಹೆಂಡತಿ ನಾಲ್ಕು ಸಲ ಪ್ರಯತ್ನಪಟ್ಟಳು. ಒಮ್ಮೆ ಕಲ್ಲು, ಒಮ್ಮೆ ಲೇಹ್ಯ. ನೋಟುಪುಸ್ತಕ ಈಗ ಕಪಾಟಿನಲ್ಲಿ ಕಟ್ಟುಗಳ ನಡುವೆ ಇದೆ. ಅದರಲ್ಲಿ ಎಲ್ಲವೂ ಬರೆದಿದೆ, ಆ ಒಂದು ಹದವನ್ನು ಬಿಟ್ಟು.

'ಹದ' ಎಂಬ ಈ ಮಾತು ವಿಚಾರಕ್ಕೆ ಯೋಗ್ಯವಾದುದು. ಹಳಗನ್ನಡದಲ್ಲಿ ಇದರ ರೂಪ 'ಪದ'. ಶಬ್ದವೆಂಬ ಅರ್ಥದ ಸಂಸ್ಕೃತದ ಪದವೇ ಬೇರೆ, ಇದೇ ಬೇರೆ. ತಮಿಳಿನಲ್ಲಿಯೂ ಪಕ್ವವಾದ ಸ್ಥಿತಿಗೆ ಇದೇ ಮಾತು. ಮಳೆಯಾದ ಮೇಲೆ ಹೊಲ ಹದಕ್ಕೆ ಬರುತ್ತದೆ. ತೊಗಲನ್ನು ಹದ ಮಾಡುತ್ತಾರೆ. ಉಳಿಗೆ ಹದ ಹಾಕುತ್ತಾರೆ. ಒಕ್ಕಲಿಗ, ಚಮ್ಮಾರ, ಕಮ್ಮಾರ, ಅಡುಗೆಯವಳು, ಇವರೆಲ್ಲರ ವಿದ್ಯೆಗೂ ಸೇರಿ ಕನ್ನಡ ಒಂದೇ ಮಾತನ್ನು ಇಟ್ಟುಕೊಂಡಿದೆ. ಆದರೆ ಅವರಲ್ಲಿ ಯಾರೂ ಶಿಷ್ಯನಿಗೆ 'ಹದವಾಗಿ ಮಾಡು' ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ; ಹದದ ಗುರುತನ್ನು ತೋರಿಸಿಕೊಡುತ್ತಾರೆ. ಹಿಡಿ ಮಣ್ಣನ್ನು ಹಿಸುಕಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಸಕ್ಕರೆಯ ಪಾಕವನ್ನು ಹೆಬ್ಬೆಟ್ಟು ತೋರುಬೆರಳುಗಳ ನಡುವೆ ಹಿಡಿದು ಬಿಡಿಸಿದರೆ ಒಂದೆಳೆ ಬರಬೇಕು. ನಮ್ಮ ಆನೇಕಲ್ ಸೀಮೆಯ ಯಾವ ಅಜ್ಜಿಯನ್ನು ಬೇಕಾದರೂ ಕೇಳಿ: ನೀರು ಮುಟ್ಟಿದ ಬೆರಳನ್ನು ಮುದ್ದೆಗೆ ತಾಗಿಸಿದಾಗ ಹಿಟ್ಟು ಅಂಟದಿದ್ದರೆ ಬೆಂದಿದೆಯೆಂದು ಅರ್ಥ. ಎಂಥ ಖಚಿತವಾದ ಗದ್ಯ ಇದು! ಇದರಲ್ಲಿ ಅಲಂಕಾರವಿಲ್ಲ, ಅಸ್ಪಷ್ಟತೆಯಿಲ್ಲ. ಕಣ್ಣು, ಮೂಗು, ಬೆರಳುಗಳಿಗೆ ನೇರವಾಗಿ ಕೊಟ್ಟ ಅಪ್ಪಣೆ ಇದು.

ಇನ್ನು ಇಂದಿನ ಪತ್ರಿಕೆಗಳ ಹೊಸರುಚಿಯ ಗದ್ಯವನ್ನು ನೋಡೋಣ. ಇಲ್ಲಿ ಯಾವುದೊಂದು ಪತ್ರಿಕೆಯನ್ನು ಹೆಸರಿಸುವ ಅಗತ್ಯವಿಲ್ಲ. ಎಲ್ಲ ಒಂದೇ ಅಚ್ಚು. "ಬೇಕಾಗುವ ಸಾಮಗ್ರಿಗಳು" ಎಂದು ಆರಂಭ. "ಮಾಡುವ ವಿಧಾನ" ಎಂದು ನಡು. "ಈಗ ಬಿಸಿ ಬಿಸಿಯಾದ, ರುಚಿ ರುಚಿಯಾದ ಇಂಥದು ಸವಿಯಲು ಸಿದ್ಧ" ಎಂದು ಮುಕ್ತಾಯ. ಈ ಕೊನೆಯ ವಾಕ್ಯವನ್ನು ಕುರಿತು ನನಗೆ ವಿಶೇಷವಾದ ತಕರಾರಿದೆ. ಅಡುಗೆ ಸಿದ್ಧವಾಯಿತೆಂದು ಲೇಖಕರಿಗೆ ಹೇಗೆ ಗೊತ್ತು? ಅವರು ನಮ್ಮ ಒಲೆಯ ಮುಂದೆ ಇದ್ದರೆ? ಅಡುಗೆ ಸಿದ್ಧವಾಯಿತೋ ಇಲ್ಲವೋ ಎಂದು ನಾವು ತಿಳಿಯುವುದು ಹೇಗೆಂಬುದನ್ನಲ್ಲವೆ ಅವರು ಬರೆಯಬೇಕಾಗಿದ್ದುದು? ಗುರುತು ಇರಬೇಕಾದ ಜಾಗದಲ್ಲಿ ಅಭಿನಂದನೆ ಬಂದು ಕುಳಿತಿದೆ. ಮಧ್ಯದಲ್ಲಿ ಬರುವ "ಸ್ವಲ್ಪ", "ಅಗತ್ಯಕ್ಕೆ ತಕ್ಕಷ್ಟು", "ಹದವಾಗಿ" ಎಂಬ ಮಾತುಗಳೂ ಹೀಗೆಯೇ. ಅವು ಅಜ್ಜಿಯ ಬಾಯಿಂದ ಬಂದ ಮಾತುಗಳು ನಿಜ. ಆದರೆ ಅಜ್ಜಿಯ ಮಾತಿನ ಜೊತೆಗೆ ಅವಳ ಕೈ ಇತ್ತು. ಅಚ್ಚಿನಲ್ಲಿ ಮಾತು ಮಾತ್ರ ಬಂತು, ಕೈ ಬರಲಿಲ್ಲ.

ಹಾಗಾದರೆ ಅಂಕಿಗಳನ್ನು ಹಾಕಿದರೆ ಸರಿಹೋಗುವುದೆ? ಇಂಗ್ಲಿಷ್ ಪುಸ್ತಕಗಳ ಜಾಡು ಹಿಡಿದ ಕೆಲವರು ಹಾಗೆ ಮಾಡುತ್ತಾರೆ: ೧೮೦ ಡಿಗ್ರಿ, ೩೫ ನಿಮಿಷ. ಅಳತೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಅದು ಒಂದು ಬಗೆಯ ಪ್ರಾಮಾಣಿಕತೆ. ಆದರೆ ಮನೆಯ ಪುಟ್ಟ ಓವನ್ನುಗಳಲ್ಲಿ ಗುಂಡಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ ಎಷ್ಟೋ ಸಲ ತಾಳೆಯಿರುವುದಿಲ್ಲ. ಡಬ್ಬಿ ಅಗಲವಾದರೆ ಬೇಗ, ಆಳವಾದರೆ ತಡ. ಅಂಕಿ ಎಷ್ಟೇ ಖಚಿತವಾಗಿದ್ದರೂ ಅದು ಇನ್ನೊಬ್ಬರ ಓವನ್ನಿನ ಅಂಕಿ. ಹದವಿಲ್ಲದ ಅಳತೆಯೂ ಕುರುಡು, ಅಳತೆಯಿಲ್ಲದ ಹದವೂ ಮೂಕ. ಒಲೆಯ ಪಕ್ಕದಲ್ಲಿ ಹಿರಿಯರು ಇದ್ದ ಕಾಲಕ್ಕೆ ಎರಡನೆಯದು ಸಾಕಾಗಿತ್ತು. ಹೆಬ್ಬಗೋಡಿಯ ಕೋಣೆಯಲ್ಲಿ ಒಬ್ಬಂಟಿಯಾಗಿ ನಿಂತವನಿಗೆ ಎರಡೂ ಬೇಕು.

ಬೇಕಿಂಗಿನಲ್ಲಿ ಈ ಕೊರತೆ ಎದ್ದು ಕಾಣುವುದಕ್ಕೆ ಕಾರಣವುಂಟು. ಸಾರಿಗೆ ಉಪ್ಪು ಕಡಿಮೆಯಾದರೆ ಮತ್ತೆ ಹಾಕಬಹುದು; ಪಲ್ಯ ಬೇಯದಿದ್ದರೆ ನೀರು ಚಿಮುಕಿಸಬಹುದು. ಓವನ್ನಿನ ಬಾಗಿಲು ಮುಚ್ಚಿದ ಮೇಲೆ ತಿದ್ದುವುದಕ್ಕೆ ಎಡೆಯಿಲ್ಲ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶವಿದೆ. ಹಿಟ್ಟಿನೊಳಗೆ ಹುಟ್ಟುವ ಅನಿಲವನ್ನು ಅದು ಬಲೆಯಂತೆ ಹಿಡಿದಿಡುತ್ತದೆ. ರಾಗಿಯಲ್ಲಿ ಅದಿಲ್ಲ. ಆದುದರಿಂದಲೇ ಬರಿಯ ರಾಗಿಯ ಕೇಕು ಏರುವುದು ಕಷ್ಟ, ಏರಿದ್ದು ನಿಲ್ಲುವುದು ಇನ್ನೂ ಕಷ್ಟ. ಮೊಸರಿನ ಹುಳಿಯೂ ಅಡುಗೆ ಸೋಡವೂ ಕೂಡಿದೊಡನೆ ಅನಿಲ ಏಳತೊಡಗುತ್ತದೆ. ಕಲಸಿಟ್ಟು ಮಾತನಾಡುತ್ತ ಕುಳಿತರೆ ಅದು ಹಾರಿಹೋಗುತ್ತದೆ. ನಡು ಗಟ್ಟಿಯಾಗುವ ಮುನ್ನ ಬಾಗಿಲು ತೆರೆದರೆ ತಣ್ಣನೆಯ ಗಾಳಿಗೆ ಕುಸಿಯುತ್ತದೆ. ನನ್ನ ಶಿಷ್ಯ ಓದಿದ ಪುಟದಲ್ಲಿ ಬರಿಯ ರಾಗಿಹಿಟ್ಟು ಎಂದಿತ್ತು. ಇವುಗಳಲ್ಲಿ ಒಂದು ಕಾರಣವೂ ಇರಲಿಲ್ಲ. ಕಾರಣ ತಿಳಿಯದವನು ತಪ್ಪಿನಿಂದ ಏನನ್ನೂ ಕಲಿಯಲಾರ. ಅವನಿಗೆ ಉಳಿಯುವುದು ತನ್ನ ಕೈಗುಣವನ್ನು ಹಳಿದುಕೊಳ್ಳುವುದು, ಇಲ್ಲವೆ ಮತ್ತೆ ಬನ್ನಿನ ಅಂಗಡಿಗೆ ನಡೆಯುವುದು.

ಬನ್ನಿನ ಅಂಗಡಿಯನ್ನು ನಾನು ಹಳಿಯುತ್ತಿಲ್ಲ. ಬೆಂಗಳೂರಿನವನಾಗಿ ಅದು ಕೃತಘ್ನತೆಯಾದೀತು. ೧೮೯೮ರಲ್ಲಿ ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಎಂಬವರು ಚಿಕ್ಕಪೇಟೆಯಲ್ಲಿ ತೆರೆದ ಬಿ.ಬಿ. ಬೇಕರಿಯಿಂದ ಅಯ್ಯಂಗಾರ್ ಬೇಕರಿಗಳ ಪರಂಪರೆ ಮೊದಲಾಯಿತೆಂದು ಹೇಳುತ್ತಾರೆ. ಮಡಿವಂತರ ಮನೆಗೂ ಬ್ರೆಡ್ಡು, ಬನ್ನುಗಳು ಕಾಲಿಟ್ಟುದು ಇಂಥ ಬೇಕರಿಗಳ ಬಾಗಿಲಿನಿಂದ. ಕನ್ನಡ ಆಗ ಏನು ಮಾಡಿತು? ಹೊಸ ಶಬ್ದ ಟಂಕಿಸುತ್ತ ಕೂರಲಿಲ್ಲ. ಬ್ರೆಡ್ಡು, ಬನ್ನು, ಕೇಕು, ಬಿಸ್ಕತ್ತು, ರಸ್ಕು ಎಂದು ಒಂದೊಂದಕ್ಕೂ ಉಕಾರದ ಬಾಲ ಹಚ್ಚಿ ಮನೆಯವನ್ನಾಗಿ ಮಾಡಿಕೊಂಡಿತು. ಬನ್ನಿಗೆ ಮೆಣಸಿನಕಾಯಿ ಈರುಳ್ಳಿ ಹಾಕಿ ಖಾರ ಬನ್ ಎಂದಿತು. ಆದುದರಿಂದ 'ಬೇಕ್ ಮಾಡು' ಎನ್ನುವುದನ್ನು ಕೇಳಿ ಕಳವಳಪಡುವವರ ಗುಂಪಿಗೆ ನಾನು ಸೇರಿದವನಲ್ಲ. ನಮ್ಮಲ್ಲಿ ಸುಡು, ಬೇಯಿಸು, ಹುರಿ, ಬಾಡಿಸು, ಕಾಯಿಸು ಎಂಬ ಧಾತುಗಳಿವೆ; ಬೇಕೆನಿಸಿದರೆ ಇನ್ನೊಂದೂ ಇರಲಿ. ಕೊರತೆಯಿರುವುದು ಹೆಸರಿನಲ್ಲಿ ಅಲ್ಲ, ವಿವರಣೆಯಲ್ಲಿ. ಬೇಕರಿಯ ಭಟ್ಟಿಯ ಮುಂದೆ ನಿಂತವರ ವಿದ್ಯೆ ಬಹುಮಟ್ಟಿಗೆ ಕೈಯಿಂದ ಕೈಗೆ ನಡೆಯಿತು. ಕನ್ನಡದ ಪುಟಕ್ಕೆ ಇಳಿಯಲಿಲ್ಲ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿಯಿದೆ. ಮೈಸೂರಿನಲ್ಲಿ ೧೯೫೦ರಿಂದ ಆಹಾರ ಸಂಶೋಧನಾಲಯವಿದೆ. ಬಲ್ಲವರಿಗೆ ನಮ್ಮಲ್ಲಿ ಬರವಿಲ್ಲ. ಅವರ ತಿಳಿವು ಅಡುಗೆಮನೆಯ ಕನ್ನಡವಾಗಿ ನಮ್ಮ ವಾರಪತ್ರಿಕೆಗಳಿಗೆ ಬರುತ್ತಿಲ್ಲವೆಂಬುದೇ ನನ್ನ ದೂರು.

ಇದರಿಂದ ಏನು ಮುಳುಗಿಹೋಯಿತು ಎನ್ನಬಹುದು. ಹೆಬ್ಬಗೋಡಿಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ೧೯೭೮ರಲ್ಲಿ ಪಕ್ಕದಲ್ಲಿ ಎಲೆಕ್ಟ್ರಾನಿಕ್ ಸಿಟಿ ಹುಟ್ಟುವ ಮುನ್ನ ಇದು ಹೊಸೂರು ರಸ್ತೆಯ ಅಂಚಿನ ರಾಗಿಯ ಊರು. ಇಂದು ನಗರಸಭೆಯಿದೆ, ೨೦೨೫ರ ಆಗಸ್ಟಿನಿಂದ ಮೆಟ್ರೋ ರೈಲೂ ಬಂದಿದೆ. ಸಂಜೆ ಪಾಳಿ ಬಿಟ್ಟಾಗ ಬೀದಿಯಲ್ಲಿ ಕೇಳುವ ಭಾಷೆಗಳು ಹತ್ತು. ತಿನ್ನುವ ಪದಾರ್ಥಗಳು ನೂರು. ತಿಂಡಿಪ್ರಿಯರಿಗೆ ಇದು ಸ್ವರ್ಗವೆಂದೇ ಹೇಳಬೇಕು. ಆದರೆ ಕೈಗೆ ಸಿಕ್ಕಿದ ನೂರರಲ್ಲಿ ಒಂದನ್ನು ಎತ್ತಿಕೊಳ್ಳುವುದು ಆಯ್ಕೆಯಲ್ಲ. ಏನು, ಏಕೆ, ಹೇಗೆ ಎಂದು ತಿಳಿದು ಎತ್ತಿಕೊಂಡರೆ ಅದು ಆಯ್ಕೆ.

ನಮ್ಮ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೆಡದೆ ಉಳಿದ ರಾಗಿಗೆ ಗೆಲುವು ಕೊಡಿಸಿದರು. ಈಗ ರಾಗಿ ಮತ್ತೆ ಗೆದ್ದಿದೆ. ೨೦೨೩ನ್ನು ಜಗತ್ತೆಲ್ಲ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ಅಂಗಡಿಯ ಗೂಡುಗಳಲ್ಲಿ ರಾಗಿಯ ಹೆಸರು ಹೊತ್ತ ಬಿಸ್ಕತ್ತುಗಳ ಸಾಲು ಬೆಳೆದಿದೆ. ಪೊಟ್ಟಣವನ್ನು ತಿರುಗಿಸಿ ಓದಿ. ಹೆಚ್ಚು ತೂಕದ ಸಾಮಾನು ಮೊದಲು, ಕಡಿಮೆ ತೂಕದ್ದು ಕೊನೆಗೆ ಎಂಬ ಕ್ರಮದಲ್ಲಿ ಪಟ್ಟಿಯನ್ನು ಅಚ್ಚುಮಾಡಬೇಕೆಂಬುದು ಕಾನೂನು. ನಾನು ತಿರುಗಿಸಿ ನೋಡಿದ ಕೆಲವು ಪೊಟ್ಟಣಗಳಲ್ಲಿ ಮೈದಾ ಮತ್ತು ಸಕ್ಕರೆ ಮುಂದಿನ ಸಾಲಿನಲ್ಲಿದ್ದುವು. ರಾಗಿ ಹಿಂದಿನ ಬೆಂಚಿನಲ್ಲಿ ಕುಳಿತಿತ್ತು. ಆ ಪಟ್ಟಿ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರುವುದು ಕಡ್ಡಾಯ. ಇತರ ಭಾಷೆಗಳು ಅದರ ಜೊತೆಗೆ ಇರಬಹುದು, ಅಷ್ಟೆ. ಕನ್ನಡ ಮಾತ್ರ ಓದಬಲ್ಲ ತಾಯಿ ರಾಗಿಯ ಚಿತ್ರ ನೋಡಿ ಮೈದಾ ಕೊಂಡು ಬರುತ್ತಾಳೆ. ಪೊಟ್ಟಣದ ಹಿಂಬದಿಯಲ್ಲಿ ಇಂಗ್ಲಿಷ್, ಪತ್ರಿಕೆಯ ಪುಟದಲ್ಲಿ "ಸವಿಯಲು ಸಿದ್ಧ" ಎಂಬ ಕನ್ನಡ. ಇವೆರಡರ ನಡುವೆ ಅವಳು ಉಣ್ಣುವವಳಾಗಿ ಉಳಿಯದೆ ಬರಿಯ ಗಿರಾಕಿಯಾಗುತ್ತಾಳೆ. ಲೋಕೋಪಕಾರದ ಬರೆಹ ಭೋಗದ ಬರೆಹವಾಗುವುದೆಂದರೆ ಇದೇ. ರುಚಿಯ ಆಸೆಯನ್ನು ಹುಟ್ಟಿಸಿ, ಮಾಡುವ ಬಲವನ್ನು ಕೊಡದೆ ಬಿಡುವ ಬರೆಹ ಮನಸ್ಸಿನಲ್ಲಿಯೇ ಮಂಡಿಗೆ ತಿನ್ನಿಸುತ್ತದೆ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಿ ಮುಗಿಸುತ್ತೇನೆ. ಈಗ ಫೋನಿನಲ್ಲಿಯೇ ಅಡುಗೆಯ ಚಿತ್ರಗಳು ಓಡುತ್ತವೆ, ಎಲ್ಲವನ್ನೂ ಕಣ್ಣಾರೆ ತೋರಿಸುತ್ತಾರೆ, ಇನ್ನು ಗದ್ಯದ ಗೊಡವೆ ಏಕೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನನ್ನ ಶಿಷ್ಯನೂ ಅವನ್ನು ನೋಡಿದ್ದ. ಹಿಟ್ಟು ಬೀಳುವುದು ಕಂಡಿತು, ಕೇಕು ಬಂದುದು ಕಂಡಿತು. ಆದರೆ ವಾಸನೆ ಕಾಣುವುದಿಲ್ಲ. ಬೆರಳಿಗೆ ತಾಗುವ ಬಿಗುಪು ಕಾಣುವುದಿಲ್ಲ. ಓವನ್ನಿನೊಳಗಿನ ಅರ್ಧ ಗಂಟೆಯನ್ನು ಚಿತ್ರದವರು ಎರಡು ಕ್ಷಣಕ್ಕೆ ಕತ್ತರಿಸಿಬಿಡುತ್ತಾರೆ. ತಪ್ಪು ನಡೆಯುವುದು ಆ ಅರ್ಧ ಗಂಟೆಯಲ್ಲಿಯೇ. ಕಣ್ಣಿಗೆ ಕಾಣದುದನ್ನು ಹೇಳುವುದಕ್ಕೆ ಮನುಷ್ಯನ ಕೈಯಲ್ಲಿರುವ ಸಾಧನ ಮಾತು.

ಟೀಕೆ ಮಾಡುವುದು ಸುಲಭ, ಬರೆಯುವುದು ಕಷ್ಟವೆಂಬ ಮಾತು ನನಗೂ ಅನ್ವಯಿಸುತ್ತದೆ. 'ಹದವಾಗಿ ಬೇಯಿಸಿ' ಎಂಬುದಕ್ಕೆ ಅರ್ಥ ಬರೆದುಕೊಡುವೆನೆಂದು ಶಿಷ್ಯನಿಗೆ ಮಾತು ಕೊಟ್ಟಿದ್ದೆ. ಹೆಂಡತಿಯ ನೆರವಿನಿಂದ, ಎರಡು ಕೇಕುಗಳನ್ನು ಹಾಳುಮಾಡಿ, ಒಂದು ಪುಟ ಬರೆದೆ. ಸಾರಾಂಶ ಇದು: ರಾಗಿಹಿಟ್ಟು ೧೨೦ ಗ್ರಾಂ, ಗೋಧಿಹಿಟ್ಟು ೧೨೦ ಗ್ರಾಂ. ಗೋಧಿ ಏಕೆಂದರೆ ಏರಿದ್ದನ್ನು ಹಿಡಿದಿಡುವುದಕ್ಕೆ. ರಾಗಿಹಿಟ್ಟನ್ನು ಸಣ್ಣ ಉರಿಯಲ್ಲಿ, ಹಸಿ ವಾಸನೆ ಹೋಗಿ ಹುರಿಟ್ಟಿನ ವಾಸನೆ ಬರುವವರೆಗೆ ಬೆಚ್ಚಗೆ ಮಾಡಿ ಆರಿಸಬೇಕು. ಬೆಲ್ಲದ ಪುಡಿ ೧೫೦ ಗ್ರಾಂ, ಮೊಸರು ೨೦೦ ಮಿಲಿಲೀಟರು, ಎಣ್ಣೆ ೧೦೦, ಹಾಲು ೧೦೦. ಚಿಟಿಕೆ ಉಪ್ಪು, ಏಲಕ್ಕಿ. ಓವನ್ ಮೊದಲೇ ೧೮೦ ಡಿಗ್ರಿಗೆ ಕಾದಿರಬೇಕು. ಎಲ್ಲ ಸಿದ್ಧವಾದ ಮೇಲೆ, ಕೊನೆಯಲ್ಲಿ, ಒಂದು ಮಟ್ಟ ಚಮಚ ಸೋಡ. ಕಲಸಿದ ಹಿಟ್ಟು ಚಮಚದಿಂದ ಇಡ್ಲಿ ಹಿಟ್ಟಿನಂತೆ ಜಾರಿ ಬೀಳಬೇಕು. ದೋಸೆ ಹಿಟ್ಟಿನಂತೆ ಹರಿಯಬಾರದು. ತಡಮಾಡದೆ ಒಳಗಿಡಬೇಕು. ಅರ್ಧ ಗಂಟೆ ಬಾಗಿಲು ಮುಟ್ಟಬಾರದು. ಅನಂತರ ಗುರುತು ಮೂರು: ಅಂಚು ಡಬ್ಬಿಯನ್ನು ಬಿಟ್ಟು ಕೂದಲೆಳೆಯಷ್ಟು ಒಳಸರಿದಿರಬೇಕು, ನಡುವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗುಳಿ ಮತ್ತೆ ತುಂಬಿಕೊಳ್ಳಬೇಕು, ಕಡ್ಡಿ ಚುಚ್ಚಿ ತೆಗೆದರೆ ಒದ್ದೆ ಹಿಟ್ಟು ಅಂಟಿರಬಾರದು. ಇಲ್ಲದಿದ್ದರೆ ಐದೈದು ನಿಮಿಷ ಹೆಚ್ಚಿಸಿ ಮತ್ತೆ ನೋಡುವುದು.

ಇದರಲ್ಲಿ ಸಾಹಿತ್ಯ ಗುಣವೇನೂ ಇಲ್ಲ. ಆದರೂ ಕಾವ್ಯಮೀಮಾಂಸೆಯ ಪಾಠದ ಟಿಪ್ಪಣಿಗಳನ್ನು ಬರೆಯುವಾಗ ಪಡದ ಶ್ರಮವನ್ನು ಈ ಒಂದು ಪುಟಕ್ಕೆ ಪಟ್ಟೆನೆಂದು ಒಪ್ಪಿಕೊಳ್ಳುತ್ತೇನೆ.

ಮುಂದಿನ ಭಾನುವಾರ ಶಿಷ್ಯ ಮತ್ತೆ ಬಂದ. ಡಬ್ಬಿಯಲ್ಲಿದ್ದ ಕೇಕು ಚೆನ್ನಾಗಿಯೇ ಎದ್ದಿತ್ತು. ನಾನು ಕೊಟ್ಟಿದ್ದ ಪುಟವನ್ನೂ ತಂದಿದ್ದ. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಾಲು ಸೇರಿಸಿದ್ದ: "ಮೊದಲು ಮೊಸರಿನ ವಾಸನೆ ಬರುತ್ತದೆ. ಅದು ಹೋಗಿ ಬೆಲ್ಲದ ವಾಸನೆ ಬಾಗಿಲಾಚೆಗೆ ಬಂದ ಮೇಲೆ ಕಡ್ಡಿ ಚುಚ್ಚಿದರೆ ಸಾಕು." ನಾನೂ ನನ್ನ ಹೆಂಡತಿಯೂ ಎರಡು ಕೇಕು ಕೆಡಿಸಿಯೂ ಕಾಣದ ಗುರುತು ಅದು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅವನ ವಾಕ್ಯಗಳನ್ನು ಎಷ್ಟೋ ಸಲ ತಿದ್ದಿದವನು ನಾನು. ಈ ವಾಕ್ಯದಲ್ಲಿ ತಿದ್ದುವುದು ಏನೂ ಇರಲಿಲ್ಲ. ನನ್ನ ಪ್ರತಿಯಲ್ಲಿ ಅದನ್ನು ಇದ್ದ ಹಾಗೆಯೇ ಬರೆದುಕೊಂಡಿದ್ದೇನೆ.